ಕಡತಕ್ಕೂ ಜಾಲಕ್ಕೂ ಒಂದೇ ಕಿಟಕಿ: ಶಾಲೆಯ ಗಣಕವನ್ನು ಕನ್ನಡಕ್ಕೆ ಅಣಿಗೊಳಿಸುವ ಬಗೆ



ಧರ್ಮಪುರಿಯಿಂದ ಸೇಲಂ ಕಡೆಗೆ ಹೊರಟವರಿಗೆ ಕೆಲವೇ ಕಿಲೋಮೀಟರುಗಳಲ್ಲಿ ಎದುರಾಗುವ ಊರು ಅದಿಯಮಾನ್‌ಕೋಟೆ. ಹೊಸೂರಿನಿಂದ ರಾಯಕೋಟೆ, ಪಾಲಕೋಡುಗಳ ಮೂಲಕ ಬರುವ ಹೆದ್ದಾರಿಯು ಸೇಲಂ ಹೆದ್ದಾರಿಯನ್ನು ಕೂಡುವ ಸ್ಥಳವೂ ಅದೇ. ಔವೈಯಾರಿಗೆ ನೆಲ್ಲಿಕಾಯಿಯನ್ನಿತ್ತ ಅದಿಯಮಾನ್ ನೆಡುಮಾನ್ ಅಂಜಿಯ ಮನೆತನದ ಹೆಸರನ್ನು ಊರು ಹೊತ್ತಿದೆ. ಮೇಲ್ಛಾವಣಿಯ ವರ್ಣಚಿತ್ರಗಳಿಗೆ ಹೆಸರಾದ ಅಲ್ಲಿಯ ದೇವಾಲಯದ ದೇವರು ಚೆನ್ನರಾಯ ಪೆರುಮಾಳ್. ದೇವರ ಹೆಸರಿನಲ್ಲಿಯೇ ಎರಡು ನುಡಿಗಳು ಒಟ್ಟಿಗೆ ಕುಳಿತಿರುವುದನ್ನು ಕಾಣಬಹುದು.

ಈ ಸೀಮೆಯ ಹಳೆಯ ಹೆಸರು ತಗಡೂರು. ಶಕ ವರ್ಷ 815, ಅಂದರೆ ಕ್ರಿ.ಶ. 893ರ ಒಂದು ಕನ್ನಡ ಶಾಸನವು ಧರ್ಮಪುರಿಯಲ್ಲಿ ದೊರೆತಿದೆ. ನೊಳಂಬ ಅರಸ ಮಹೇಂದ್ರನ ಕಾಲದಲ್ಲಿ ತಗಡೂರಿನಲ್ಲಿ ಒಂದು ಬಸದಿಯನ್ನು ಕಟ್ಟಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. ಬರೆದು ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲ ಕಳೆದ ಮೇಲೆ ವಿದ್ವಾಂಸರು ಆ ಕಲ್ಲನ್ನು ಓದಿ ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿದರು. ಲಿಪಿ ತಿಳಿದವರಿಗೆ ಕಲ್ಲು ಇಂದಿಗೂ ಮಾತನಾಡುತ್ತದೆ.

ಈಗ ಅದೇ ಸೀಮೆಯ ಒಂದು ಕನ್ನಡ ಮಾಧ್ಯಮ ಶಾಲೆಯನ್ನು ಊಹಿಸಿಕೊಳ್ಳಬಹುದು. ಅಲ್ಲಿನ ಶಿಕ್ಷಕಿಯೊಬ್ಬರು ಹತ್ತು ವರ್ಷ ದುಡಿದು ಪಾಠಟಿಪ್ಪಣಿ, ಪ್ರಶ್ನಪತ್ರಿಕೆ, ಗಾದೆಗಳ ಸಂಗ್ರಹ, ತಮಿಳು–ಕನ್ನಡ ಪದಪಟ್ಟಿ ಇವನ್ನೆಲ್ಲ ಗಣಕದಲ್ಲಿ ಸಿದ್ಧಪಡಿಸಿ ವರ್ಗವಾಗಿ ಹೋಗಿದ್ದಾರೆ. ಅವರ ಸ್ಥಾನಕ್ಕೆ ಬಂದವರು ಕಡತವನ್ನು ತೆರೆದರೆ ಕಾಣುವುದು ಚೌಕಗಳು, ಅಥವಾ ಅರ್ಥವಿಲ್ಲದ ಐರೋಪ್ಯ ಅಕ್ಷರಗಳು. ಕಲ್ಲಿನ ಬರೆಹ ಸಾವಿರ ವರ್ಷ ಉಳಿಯಿತು. ಶಾಲೆಯ ಬರೆಹ ಹತ್ತು ವರ್ಷವೂ ಉಳಿಯಲಿಲ್ಲ. ಶಿಕ್ಷಕಿಯ ಶ್ರದ್ಧೆಯಲ್ಲಿ ಇಲ್ಲಿ ಕೊರತೆಯಿರಲಿಲ್ಲ. ಗಣಕವನ್ನು ಕನ್ನಡಕ್ಕೆ ಅಣಿಗೊಳಿಸುವ ಕೆಲಸ ಯಾರಿಗೂ ಸೇರದೆ ಬಿಟ್ಟುಹೋದದ್ದೇ ಕೊರತೆ. ಆ ಕೆಲಸವನ್ನು ಶಿಕ್ಷಕರೇ ಕೈಗೆತ್ತಿಕೊಳ್ಳಬಲ್ಲರು, ಕೈಗೆತ್ತಿಕೊಳ್ಳಬೇಕು ಎಂಬುದೇ ಈ ಉಪನ್ಯಾಸದ ಅಭಿಪ್ರಾಯ. ಉದಾಹರಣೆಗಾಗಿ ಆಯ್ದುಕೊಂಡಿರುವ ಉಪಕರಣ, ಕಡತಗಳನ್ನೂ ಜಾಲತಾಣಗಳನ್ನೂ ಒಂದೇ ಕಿಟಕಿಯಲ್ಲಿ ತೋರಿಸುವ ‘ಕಾಂಕರರ್’ ಎಂಬ ತಂತ್ರಾಂಶ.

ಕನ್ನಡ ಮಾಧ್ಯಮದ ವಿಶೇಷ ಪರಿಸ್ಥಿತಿ

ತಮಿಳುನಾಡಿನ ಕನ್ನಡ ಮಾಧ್ಯಮ ಶಾಲೆಯ ಶಿಕ್ಷಕರ ಹೊಣೆ ಎರಡು ಪಟ್ಟು. ಪಠ್ಯಕ್ರಮ ತಮಿಳುನಾಡಿನದು, ಪಠ್ಯಪುಸ್ತಕವನ್ನು ರಾಜ್ಯದ ಪಠ್ಯಪುಸ್ತಕ ನಿಗಮವು ಕನ್ನಡದಲ್ಲಿಯೂ ಮುದ್ರಿಸುತ್ತದೆ. 2006ರ ತಮಿಳು ಕಲಿಕೆಯ ಕಾಯಿದೆಯ ಮೇರೆಗೆ ಮಕ್ಕಳು ತಮಿಳನ್ನೂ ಕಲಿಯುತ್ತಾರೆ. ಕರ್ನಾಟಕದಲ್ಲಿ ಸಿದ್ಧವಾದ ಕನ್ನಡ ಸಾಮಗ್ರಿ ಜಾಲದಲ್ಲಿ ಸಾಕಷ್ಟು ದೊರೆಯುತ್ತದಾದರೂ ಅದರ ಪಾಠಕ್ರಮ ಬೇರೆ. ತಮಿಳುನಾಡಿನ ಪಾಠಕ್ರಮಕ್ಕೆ ಹೊಂದುವ ಸಾಮಗ್ರಿ ಹೇರಳವಾಗಿರುವುದು ತಮಿಳಿನಲ್ಲಿ. ಆದುದರಿಂದ ಎರಡು ಕಡೆಯಿಂದಲೂ ಆಯ್ದು, ಹೊಂದಿಸಿ, ಕೆಲವನ್ನು ತಾವೇ ಬರೆದು ಪಾಠವನ್ನು ಕಟ್ಟಿಕೊಳ್ಳಬೇಕಾದವರು ಶಿಕ್ಷಕರೇ.

ಹೀಗೆ ಕಟ್ಟಿದ ಪಾಠಗಳಿಗೆ ಬೇರೆ ಪ್ರತಿಯಿಲ್ಲ. ತಮಿಳು ಮಾಧ್ಯಮದ ಒಂದು ಕಡತ ಕಳೆದರೆ ಇನ್ನೊಂದು ಶಾಲೆಯಿಂದ ತರಿಸಿಕೊಳ್ಳಬಹುದು. ಕನ್ನಡ ಮಾಧ್ಯಮದ ಕಡತ ಕಳೆದರೆ ಅನೇಕ ವೇಳೆ ಅದು ಇಡೀ ರಾಜ್ಯದಲ್ಲಿಯೇ ಇಲ್ಲವಾದಂತೆ. ಹೊಸೂರು, ತಾಳವಾಡಿಗಳಂತಹ ಭಾಗಗಳಲ್ಲಿ ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ಪೆನ್‌ಡ್ರೈವಿನಲ್ಲಿ ಸಾಗುವ ಕಡತಗಳು ಗಂಥಾಲಯವಿಲ್ಲದ ಗ್ರಂಥಗಳಿದ್ದಂತೆ. ಅವು ಮುಂದಿನವರಿಗೂ ಓದಲು ಬರುವಂತೆ ನೋಡಿಕೊಳ್ಳುವುದು ಭಾಷೆಯ ರಕ್ಷಣೆಯೂ ಹೌದು, ಮಕ್ಕಳ ಹಕ್ಕಿನ ರಕ್ಷಣೆಯೂ ಹೌದು.

ತಂತ್ರಾಂಶದ ಹಿನ್ನೆಲೆ

ಗಣಕದೊಳಗಿನ ಕಡತಗಳನ್ನು ನೋಡಲು ಒಂದು ತಂತ್ರಾಂಶ, ಜಾಲತಾಣಗಳನ್ನು ನೋಡಲು ಇನ್ನೊಂದು ತಂತ್ರಾಂಶ ಎಂಬುದು ಇಂದಿನ ರೂಢಿ. ಆದರೆ 1990ರ ದಶಕದ ಕೊನೆಯಲ್ಲಿ ಎರಡನ್ನೂ ಒಂದುಗೂಡಿಸುವ ವಿಚಾರ ಬಲವಾಗಿತ್ತು. ಮೈಕ್ರೋಸಾಫ್ಟ್ ಸಂಸ್ಥೆಯು 1997ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರ ಮೂಲಕ ಈ ದಾರಿಯನ್ನು ಹಿಡಿಯಿತು. ಲಿನಕ್ಸ್ ಗಣಕಗಳಿಗಾಗಿ 1996ರಲ್ಲಿ ಆರಂಭವಾದ ಕೆಡಿಇ ಎಂಬ ಸ್ವತಂತ್ರ ತಂತ್ರಾಂಶ ಯೋಜನೆಯು 2000ದ ಅಕ್ಟೋಬರಿನಲ್ಲಿ ತನ್ನ ಎರಡನೆಯ ಆವೃತ್ತಿಯೊಡನೆ ಕಾಂಕರರ್ ಅನ್ನು ಹೊರತಂದಿತು. ಆಗ ಪ್ರಸಿದ್ಧವಾಗಿದ್ದ ಎರಡು ಜಾಲವೀಕ್ಷಕಗಳ ಹೆಸರು ನ್ಯಾವಿಗೇಟರ್ ಮತ್ತು ಎಕ್ಸ್‌ಪ್ಲೋರರ್, ಅಂದರೆ ನಾವಿಕ ಮತ್ತು ಅನ್ವೇಷಕ. ಇವರಿಬ್ಬರ ಬಳಿಕ ಬರುವವನು ವಿಜೇತ ಎಂಬ ವಿನೋದ ಈ ಹೆಸರಿನಲ್ಲಿದೆ.

ಕಾಂಕರರ್‌ಗಾಗಿ ಬರೆದ ‘ಕೆಎಚ್‌ಟಿಎಂಎಲ್’ ಎಂಬ ಯಂತ್ರಭಾಗವು ಮುಂದೆ ದೂರ ಸಾಗಿತು. ಆಪಲ್ ಸಂಸ್ಥೆಯು ಅದನ್ನು ಆಧರಿಸಿ 2003ರಲ್ಲಿ ಸಫಾರಿಯನ್ನು ಪ್ರಕಟಿಸಿತು. ಅದರಿಂದ ಬಂದ ವೆಬ್‌ಕಿಟ್ ಕವಲೊಡೆದು 2013ರಲ್ಲಿ ಕ್ರೋಮ್‌ನ ಬ್ಲಿಂಕ್ ಆಯಿತು. ಶಿಕ್ಷಕರ ಜೇಬಿನಲ್ಲಿರುವ ಮೊಬೈಲಿನ ಜಾಲವೀಕ್ಷಕದ ವಂಶವೃಕ್ಷದಲ್ಲಿಯೂ ಈ ಹಳೆಯ ತಂತ್ರಾಂಶವಿದೆ ಎಂದರೆ ತಪ್ಪಾಗದು. 2008ರಲ್ಲಿ ಬಂದ ಕೆಡಿಇ 4ರಲ್ಲಿ ಕಡತಗಳ ಕೆಲಸಕ್ಕೆ ಡಾಲ್ಫಿನ್ ಎಂಬ ಬೇರೆ ತಂತ್ರಾಂಶವನ್ನು ಮುಂದಿಟ್ಟರಾದರೂ ಕಾಂಕರರ್ ಇಂದಿಗೂ ದೊರೆಯುತ್ತದೆ.

ತಮಿಳುನಾಡಿನ ಶಾಲೆಗಳಿಗೆ ಲಿನಕ್ಸ್ ಅಪರಿಚಿತವಲ್ಲ. 2011ರಿಂದ ರಾಜ್ಯ ಸರಕಾರವು ವಿದ್ಯಾರ್ಥಿಗಳಿಗೆ ಹಂಚಿದ ಅನೇಕ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್‌ನ ಜೊತೆಗೆ, ಸಿ-ಡ್ಯಾಕ್ ರೂಪಿಸಿದ ‘ಬಾಸ್’ ಲಿನಕ್ಸ್ ಇತ್ತು. ಬಾಸ್ ಡೆಬಿಯನ್ ಎಂಬ ವ್ಯವಸ್ಥೆಯನ್ನು ಆಧರಿಸಿದುದರಿಂದ ಕಾಂಕರರ್‌ನಂತಹ ತಂತ್ರಾಂಶಗಳನ್ನು ಹಣ ಕೊಡದೆ ಸೇರಿಸಿಕೊಳ್ಳಬಹುದು. ನೆರೆಯ ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು (ಈಗಿನ ಹೆಸರು ಕೈಟ್) ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವನ್ನೇ ನೆಲೆಗೊಳಿಸಿತು. ಕಾಸರಗೋಡಿನ ಮಕ್ಕಳಿಗೆ ಅದರ ಪಠ್ಯಪುಸ್ತಕ ಕನ್ನಡದಲ್ಲಿಯೂ ಇದೆ. ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಇದು ಆಗುವ ಕೆಲಸ ಎಂಬುದಕ್ಕೆ ಆ ಉದಾಹರಣೆ ಸಾಕು.

ಮೊದಲು ಅಕ್ಷರ: ಮೂರು ದೋಷಗಳು, ಮೂರು ಪರಿಹಾರಗಳು

ಗಣಕದಲ್ಲಿ ಕನ್ನಡ ಸರಿಯಾಗಿ ಕಾಣದಿದ್ದಾಗ ‘ಫಾಂಟ್ ಇಲ್ಲ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ವಾಡಿಕೆ. ವಾಸ್ತವದಲ್ಲಿ ದೋಷಗಳು ಮೂರು ಬಗೆಯವು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಲಕ್ಷಣ ನೋಡಿ ದೋಷವನ್ನು ಗುರುತಿಸುವುದೇ ಶಿಕ್ಷಕರು ಮೊದಲು ಕಲಿಯಬೇಕಾದ ವಿದ್ಯೆ.

ಮೊದಲನೆಯ ಲಕ್ಷಣ: ಅಕ್ಷರಗಳ ಜಾಗದಲ್ಲಿ ಬರಿಯ ಚೌಕಗಳು. ಇಲ್ಲಿ ಕಡತ ಸರಿಯಾಗಿದೆ. ಗಣಕದಲ್ಲಿ ಕನ್ನಡದ ಅಕ್ಷರಶೈಲಿ ಇಲ್ಲ. ಲೋಹಿತ್ ಕನ್ನಡ, ನೋಟೊ ಸ್ಯಾನ್ಸ್ ಕನ್ನಡ, ಗುಬ್ಬಿ, ನವಿಲು ಎಂಬ ಅಕ್ಷರಶೈಲಿಗಳು ಉಚಿತವಾಗಿ ದೊರೆಯುತ್ತವೆ. ಅವುಗಳಲ್ಲಿ ಒಂದನ್ನು ಸೇರಿಸಿದ ಬಳಿಕ ಕಾಂಕರರ್‌ನ ‘ಸೆಟ್ಟಿಂಗ್ಸ್’ ಪಟ್ಟಿಯಲ್ಲಿ ‘ಕಾನ್ಫಿಗರ್ ಕಾಂಕರರ್’ ಅನ್ನು ಆರಿಸಿ, ‘ಫಾಂಟ್ಸ್’ ಎಂಬ ಪುಟದಲ್ಲಿ ಅದನ್ನು ಸಾಮಾನ್ಯ ಅಕ್ಷರಶೈಲಿಯಾಗಿ ನೇಮಿಸಬೇಕು. ಅದೇ ಪುಟದಲ್ಲಿ ಕನಿಷ್ಠ ಗಾತ್ರವನ್ನೂ ನಿಗದಿಪಡಿಸಬಹುದು. ಇಂಗ್ಲಿಷಿಗೆ ಸಾಕಾಗುವ ಗಾತ್ರ ಕನ್ನಡಕ್ಕೆ ಸಾಲದು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಚಿಕ್ಕ ಗಾತ್ರದಲ್ಲಿ ‘ತ’ಕಾರದ ಒತ್ತೂ ‘ನ’ಕಾರದ ಒತ್ತೂ ಮಗುವಿನ ಕಣ್ಣಿಗೆ ಒಂದೇ ಆಗಿಬಿಡುತ್ತವೆ.

ಎರಡನೆಯ ಲಕ್ಷಣ: ತಲೆಯ ಮೇಲೆ ಓರೆಗೆರೆಯುಳ್ಳ ಚಿಕ್ಕ ‘ಎ’ ಅಕ್ಷರ, ಅದರ ಪಕ್ಕದಲ್ಲಿ ಮೇಲಕ್ಕೇರಿಸಿ ಬರೆದ ಪುಟ್ಟ 2 ಅಥವಾ 3, ಬಳಿಕ ಮತ್ತೊಂದು ಚಿಹ್ನೆ, ಹೀಗೆ ಪುಟದ ತುಂಬ ಅದೇ ಜೋಡಿಯ ಪುನರಾವರ್ತನೆ. ಇದು ಯೂನಿಕೋಡಿನಲ್ಲಿ ಸರಿಯಾಗಿ ಬರೆದ ಕನ್ನಡವೇ. ಯೂನಿಕೋಡಿನ ಕನ್ನಡ ವಿಭಾಗದಲ್ಲಿ 128 ಸ್ಥಾನಗಳಿವೆ. ‘ಯುಟಿಎಫ್-8’ ಎಂಬ ಸಂಕೇತೀಕರಣದಲ್ಲಿ ಪ್ರತಿಯೊಂದು ಕನ್ನಡ ಚಿಹ್ನೆಯೂ ಮೂರು ಬೈಟುಗಳನ್ನು ತೆಗೆದುಕೊಳ್ಳುತ್ತದೆ. ‘ಕನ್ನಡ’ ಎಂಬ ಪದದಲ್ಲಿರುವುದು ಕ, ನ, ಹಲಂತ ಚಿಹ್ನೆ, ನ, ಡ ಎಂಬ ಐದು ಚಿಹ್ನೆಗಳು, ಅಂದರೆ 15 ಬೈಟುಗಳು. ಗಣಕವು ಇದನ್ನು ಐರೋಪ್ಯ ಬರೆಹವೆಂದು ತಪ್ಪಾಗಿ ತಿಳಿದು ಒಂದೊಂದು ಬೈಟನ್ನೂ ಒಂದೊಂದು ಅಕ್ಷರವಾಗಿ ತೋರಿಸಿದಾಗ ಮೇಲೆ ಹೇಳಿದ ಜೋಡಿ ಮತ್ತೆ ಮತ್ತೆ ಕಾಣುತ್ತದೆ. ಇದರ ಪರಿಹಾರ ಸುಲಭ. ‘ವ್ಯೂ’ ಪಟ್ಟಿಯ ‘ಸೆಟ್ ಎನ್‌ಕೋಡಿಂಗ್’ನಲ್ಲಿ ಯುಟಿಎಫ್-8 ಅನ್ನು ಆರಿಸಿದ ಕೂಡಲೇ ಕನ್ನಡ ಮೂಡುತ್ತದೆ. ‘ಫಾಂಟ್ಸ್’ ಪುಟದಲ್ಲಿ ರೂಢಿಯ ಸಂಕೇತೀಕರಣವನ್ನೇ ಯುಟಿಎಫ್-8 ಎಂದು ಇರಿಸಿದರೆ ಪ್ರತಿ ಸಲ ಆರಿಸುವ ತೊಂದರೆಯೂ ತಪ್ಪುತ್ತದೆ. ಆವೃತ್ತಿಗೆ ತಕ್ಕಂತೆ ಈ ಆಯ್ಕೆಗಳ ಸ್ಥಾನ ಬೇರೆಯಾಗಬಹುದು; ಹುಡುಕಬೇಕಾದುದು ಎನ್‌ಕೋಡಿಂಗ್ ಎಂಬ ಮಾತನ್ನು.

ಮೂರನೆಯ ಲಕ್ಷಣ: ದೊಡ್ಡ ‘ಪಿ’ ಅಕ್ಷರ, ಗೆರೆಯುಳ್ಳ ದೊಡ್ಡ ‘ಎ’, ಪೌಂಡು ಹಣದ ಚಿಹ್ನೆ, ನಡುನಡುವೆ ಜರ್ಮನ್ ಅಕ್ಷರ. ಇದು ಯೂನಿಕೋಡಿಗಿಂತ ಹಿಂದಿನ ಪದ್ಧತಿಯಲ್ಲಿ ಬರೆದ ಕಡತ. ಹಳೆಯ ನುಡಿ, ಬರಹ ಮುಂತಾದ ತಂತ್ರಾಂಶಗಳ ಕಾಲದಲ್ಲಿ ಐರೋಪ್ಯ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡದ ತುಂಡುರೂಪಗಳನ್ನು ತೊಡಿಸುತ್ತಿದ್ದರು. ಹಳೆಯ ನುಡಿಯ ಪದ್ಧತಿಯಲ್ಲಿ ‘ಕನ್ನಡ’ ಎಂಬ ಪದ ಏಳು ತುಂಡುಗಳಾಗಿ ಕಡತದಲ್ಲಿರುತ್ತದೆ: ‘ಪಿ’, ಗೆರೆಯ ‘ಎ’, ಪೌಂಡು ಚಿಹ್ನೆ, ಮತ್ತೆ ಗೆರೆಯ ‘ಎ’, ಜರ್ಮನ್ ಅಕ್ಷರ, ಚಿಕ್ಕ ‘ಕ್ಯೂ’, ಮತ್ತೊಮ್ಮೆ ಗೆರೆಯ ‘ಎ’. ಆ ನಿರ್ದಿಷ್ಟ ಅಕ್ಷರಶೈಲಿ ಇರುವವರೆಗೆ ಅದು ಕನ್ನಡ. ಅದಿಲ್ಲದ ಕಡೆ ಕಸ. ಇದಕ್ಕೆ ಎನ್‌ಕೋಡಿಂಗ್ ಬದಲಿಸಿ ಪ್ರಯೋಜನವಿಲ್ಲ. ಕಡತವನ್ನೇ ಯೂನಿಕೋಡಿಗೆ ಪರಿವರ್ತಿಸಬೇಕು. ನುಡಿ ಮತ್ತು ಬರಹ ತಂತ್ರಾಂಶಗಳ ಜೊತೆಯಲ್ಲಿಯೇ ಪರಿವರ್ತಕಗಳು ದೊರೆಯುತ್ತವೆ. ಪರಿವರ್ತನೆಯ ಬಳಿಕ ಒಂದು ಸಲ ಮೂಲದೊಡನೆ ಹೋಲಿಸಿ ಓದುವುದು ಅವಶ್ಯ. ಅರ್ಕಾವತ್ತು ಮತ್ತು ಮೂರು ವ್ಯಂಜನಗಳ ಸಂಯುಕ್ತಾಕ್ಷರಗಳಲ್ಲಿ ತಪ್ಪು ನುಸುಳುವುದುಂಟು. ಸೂರ್ಯ, ರಾಷ್ಟ್ರ, ಜ್ಞಾನ, ಅರ್ಘ್ಯ ಈ ನಾಲ್ಕು ಪದಗಳನ್ನು ಬರೆದು ನೋಡಿದರೆ ಗಣಕದ ಕನ್ನಡ ನೆಟ್ಟಗಿದೆಯೇ ಎಂಬುದು ತಿಳಿದುಹೋಗುತ್ತದೆ.

ಪಠ್ಯಪುಸ್ತಕದ ಪಿಡಿಎಫ್‌ಗಳಲ್ಲಿಯೂ ಈ ಮೂರನೆಯ ದೋಷ ಅಡಗಿರುವುದುಂಟು. ಅಕ್ಷರಶೈಲಿ ಕಡತದೊಳಗೇ ಸೇರಿರುವುದರಿಂದ ಪುಟ ಅಂದವಾಗಿ ಕಾಣುತ್ತದೆ. ಒಂದು ವಾಕ್ಯವನ್ನು ನಕಲಿಸಿ ಬೇರೆಡೆ ಅಂಟಿಸಿದಾಗ ಮಾತ್ರ ಗುಟ್ಟು ಬಯಲಾಗುತ್ತದೆ.

ತಮಿಳು ಕನ್ನಡಗಳನ್ನು ಒಂದೇ ಕಡತದಲ್ಲಿ ಬರೆಯಬೇಕಾದವರಿಗೆ ಯೂನಿಕೋಡ್ ಇನ್ನೂ ಮುಖ್ಯ. ಹಳೆಯ ಪದ್ಧತಿಗಳಲ್ಲಿ ಎರಡೂ ಭಾಷೆಗಳು ಅದೇ ಐರೋಪ್ಯ ಸಂಖ್ಯೆಗಳ ಮೇಲೆ ಕುಳಿತಿದ್ದವು. ಅಕ್ಷರಶೈಲಿ ತಪ್ಪಿದರೆ ಎರಡೂ ಕಲಸಿಹೋಗುತ್ತಿದ್ದವು. ಯೂನಿಕೋಡಿನಲ್ಲಿ ತಮಿಳಿನ ‘ಕ’ ಅಕ್ಷರದ ಸಂಖ್ಯೆ 2965, ಕನ್ನಡದ ‘ಕ’ ಅಕ್ಷರದ್ದು 3221. ವ್ಯತ್ಯಾಸ ಸರಿಯಾಗಿ 256. ಎರಡು ಲಿಪಿಗಳನ್ನೂ ಒಂದೇ ವಿನ್ಯಾಸದಲ್ಲಿ ಜೋಡಿಸಿರುವುದರಿಂದ ಎರಡರಲ್ಲಿಯೂ ಇರುವ ಅಕ್ಷರಗಳ ನಡುವೆ ಇದೇ ಅಂತರ ಕಾಣುತ್ತದೆ. ಒಂದೇ ಬೀದಿಯಲ್ಲಿ ಎದುರುಬದುರು ಮನೆಗಳಿದ್ದಂತೆ. ಸಮೀಪವಿದ್ದರೂ ಒಂದು ಇನ್ನೊಂದನ್ನು ಆಕ್ರಮಿಸುವುದಿಲ್ಲ. ತಮಿಳುನಾಡು ಸರಕಾರವೂ 2010ರಲ್ಲಿ ಯೂನಿಕೋಡನ್ನು ಮಾನಕವಾಗಿ ಅಂಗೀಕರಿಸಿದೆ.

ಬರೆಯುವುದಕ್ಕೆ ಕೀಲಿಮಣೆಯೂ ಬೇಕಷ್ಟೆ. ಲಿನಕ್ಸ್ ಗಣಕಗಳ ಕೀಲಿಮಣೆ ಪಟ್ಟಿಯಲ್ಲಿ ಕನ್ನಡಕ್ಕೆ ಎರಡು ವಿನ್ಯಾಸಗಳು ಕಾಣುತ್ತವೆ: ಒಂದು ಇನ್‌ಸ್ಕ್ರಿಪ್ಟ್, ಇನ್ನೊಂದು ಕಗಪ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ತಳಹದಿಯ ಮೇಲೆ ಬೆಳೆದ ಕಗಪ ವಿನ್ಯಾಸವು ನುಡಿಯಲ್ಲಿ ಪಳಗಿದವರಿಗೆ ಕೂಡಲೇ ಒಗ್ಗುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ ‘ಕ’ ತಮಿಳಿಗೂ ಕನ್ನಡಕ್ಕೂ ಒಂದೇ ಕೀಲಿಯಲ್ಲಿರುವುದರಿಂದ ಎರಡು ಭಾಷೆಗಳಲ್ಲಿ ಬರೆಯುವ ಮಕ್ಕಳಿಗೆ ಅದು ಅನುಕೂಲ.

ಮನೆಯ ಪುಟ ಮನೆಯಲ್ಲೇ ಇರಲಿ

ಅಕ್ಷರ ನೆಟ್ಟಗಾದ ಬಳಿಕ ಕಡತಗಳ ಸರದಿ. ಒಂದು ಕಡತಕೋಶಕ್ಕೆ ‘ಕನ್ನಡ ಪಾಠಗಳು’ ಎಂದು ಹೆಸರಿಟ್ಟು, ಅದರೊಳಗೆ ತರಗತಿಗೊಂದು, ತರಗತಿಯೊಳಗೆ ವಿಷಯಕ್ಕೊಂದು ಕೋಶವನ್ನು ಮಾಡುವುದು ಉತ್ತಮ. ಕಡತದ ಹೆಸರು ಪಾಠದ ಸಂಖ್ಯೆಯಿಂದ ಮೊದಲಾಗಲಿ, ಬಳಿಕ ಪಾಠದ ಹೆಸರು, ಕೊನೆಗೆ ವರ್ಷ. ‘ಹೊಸ ಕಡತ’, ‘ಕೊನೆಯದು’, ‘ನಿಜವಾಗಿಯೂ ಕೊನೆಯದು’ ಎಂಬ ಹೆಸರುಗಳು ಬರೆದವರಿಗೂ ಮರೆತುಹೋಗುತ್ತವೆ.

ಹೆಸರನ್ನು ಕನ್ನಡದಲ್ಲಿಯೇ ಕೊಡಬಹುದು. ಆದರೆ ಒಂದು ಮಿತಿ ಇದೆ. ಲಿನಕ್ಸ್‌ನ ಸಾಮಾನ್ಯ ಕಡತವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟುಗಳ ಅವಕಾಶ. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟುಗಳಂತೆ ಲೆಕ್ಕ ಹಾಕಿದರೆ ಗುಣಿತ, ಒತ್ತುಗಳೂ ಸೇರಿ 85 ಚಿಹ್ನೆಗಳು ಮಾತ್ರ. ಪದ್ಯದ ಇಡೀ ಸಾಲನ್ನೇ ಹೆಸರಾಗಿಟ್ಟ ಕಡತವು ಪೆನ್‌ಡ್ರೈವಿನಿಂದ ಗಣಕಕ್ಕೆ ಇಳಿಯದೆ ಹೋದರೆ ಕಾರಣ ಇದೇ ಇರಬಹುದು.

ಕಾಂಕರರ್‌ನ ವಿಶೇಷ ಉಪಯೋಗ ಇಲ್ಲಿಂದ ಮುಂದೆ. ಜಾಲವೀಕ್ಷಕಗಳು ತೆರೆದೊಡನೆ ತೋರಿಸುವ ಮೊದಲ ಪುಟವನ್ನು ‘ಹೋಮ್ ಪೇಜ್’ ಎನ್ನುತ್ತಾರೆ. ಕಾಂಕರರ್‌ನಲ್ಲಿ ಆ ಸ್ಥಾನಕ್ಕೆ ಜಾಲತಾಣದ ವಿಳಾಸವನ್ನೂ ಕೊಡಬಹುದು, ಗಣಕದೊಳಗಿನ ಕಡತಕೋಶದ ವಿಳಾಸವನ್ನೂ ಕೊಡಬಹುದು. ‘ಕನ್ನಡ ಪಾಠಗಳು’ ಕೋಶವನ್ನೇ ಅಲ್ಲಿ ನಮೂದಿಸಿದರೆ ಗಣಕ ತೆರೆದ ಮಗುವಿಗೆ ಮೊದಲು ಎದುರಾಗುವುದು ಸ್ವಂತ ಶಾಲೆಯ ಕನ್ನಡ. ವಿದ್ಯುತ್ತಿದ್ದು ಅಂತರ್ಜಾಲವಿಲ್ಲದ ದಿನವೂ ಆ ಪುಟ ತೆರೆಯುತ್ತದೆ.

ಇನ್ನೂ ಸ್ವಲ್ಪ ಶ್ರಮ ವಹಿಸುವವರು ಒಂದು ಸೂಚಿಪುಟವನ್ನು ಮಾಡಬಹುದು. ಲಿಬ್ರೆ ಆಫೀಸ್ ರೈಟರ್‌ನಲ್ಲಿ ಪಾಠಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು, ಪ್ರತಿ ಹೆಸರಿಗೂ ಆಯಾ ಕಡತದ ಕೊಂಡಿಯನ್ನು ಸೇರಿಸಿ, ‘ಎಚ್‌ಟಿಎಂಎಲ್’ ರೂಪದಲ್ಲಿ ಉಳಿಸಿದರಾಯಿತು. ಈ ಪಟ್ಟಿಯಲ್ಲಿ ಶಾಲೆಯ ಕಡತಗಳ ಕೊಂಡಿಗಳೂ ಕನ್ನಡ ವಿಕಿಪೀಡಿಯದಂತಹ ಜಾಲತಾಣಗಳ ಕೊಂಡಿಗಳೂ ಒಂದರ ಕೆಳಗೊಂದು ಇರಬಹುದು.

‘ಫೈಲ್ ಅಸೋಸಿಯೇಶನ್ಸ್’ ಎಂಬ ಪುಟದಲ್ಲಿ ಇನ್ನೊಂದು ಆಯ್ಕೆಯಿದೆ. ಪಿಡಿಎಫ್, ಚಿತ್ರ ಮುಂತಾದ ಕಡತಗಳು ಬೇರೆ ಕಿಟಕಿಯಲ್ಲಿ ತೆರೆಯಬೇಕೋ ಕಾಂಕರರ್‌ನೊಳಗೇ ತೆರೆಯಬೇಕೋ ಎಂಬುದನ್ನು ಅಲ್ಲಿ ತೀರ್ಮಾನಿಸಬಹುದು. ಚಿಕ್ಕ ಮಕ್ಕಳಿಗೆ ಒಳಗೇ ತೆರೆಯುವುದು ಹಿತ; ಹತ್ತು ಕಿಟಕಿಗಳ ನಡುವೆ ಅವರು ದಾರಿ ತಪ್ಪುವುದಿಲ್ಲ.

ಒಂದು ಪುಟ ಎರಡಾಗಲಿ

‘ವಿಂಡೋ’ ಪಟ್ಟಿಯಲ್ಲಿರುವ ‘ಸ್ಪ್ಲಿಟ್ ವ್ಯೂ’ ಎಂಬ ಆಯ್ಕೆ ಕಿಟಕಿಯನ್ನು ಎಡಬಲವಾಗಿ ಸೀಳುತ್ತದೆ. ಎಡಗಡೆ ಪಠ್ಯಪುಸ್ತಕದ ಪುಟ, ಬಲಗಡೆ ಜಾಲದ ಲೇಖನ. ಎಡಗಡೆ ಪಾಠದ ತಮಿಳು ರೂಪ, ಬಲಗಡೆ ಕನ್ನಡ ರೂಪ. ವಿಜ್ಞಾನದ ಪಾರಿಭಾಷಿಕ ಪದಗಳನ್ನು ಹೋಲಿಸುವ ತರಗತಿಗೆ ಇದಕ್ಕಿಂತ ಸರಳ ಉಪಕರಣ ಬೇಕಿಲ್ಲ. ಜಾಲದಲ್ಲಿ ಕಂಡ ಚಿತ್ರವನ್ನು ಬಲಗಡೆಯ ಕಿಟಕಿಯಿಂದ ಎಡಗಡೆಯ ಕೋಶಕ್ಕೆ ಎಳೆದು ಹಾಕಿದರೆ ಅದು ಶಾಲೆಯ ಸಂಗ್ರಹಕ್ಕೆ ಸೇರುತ್ತದೆ. ಯಾರ ಚಿತ್ರ, ಎಲ್ಲಿಂದ ತಂದದ್ದು, ಬಳಸಲು ಅನುಮತಿ ಇದೆಯೇ ಎಂಬುದನ್ನು ಅಲ್ಲಿಯೇ ಒಂದು ಚಿಕ್ಕ ಕಡತದಲ್ಲಿ ಬರೆದಿಡುವ ಅಭ್ಯಾಸವನ್ನು ಮಕ್ಕಳಿಗೆ ಮೊದಲ ದಿನದಿಂದಲೇ ಕಲಿಸತಕ್ಕದ್ದು.

‘ವೆಬ್ ಶಾರ್ಟ್‌ಕಟ್ಸ್’ ಎಂಬ ಪುಟವೂ ಶಿಕ್ಷಕರಿಗೆ ಉಪಕಾರಿ. ಕೆಲವು ಅಕ್ಷರಗಳ ಸಂಕ್ಷೇಪ, ಅದರ ಮುಂದೆ ಎರಡು ಚುಕ್ಕೆಗಳ ವಿವರಣ ಚಿಹ್ನೆ, ಬಳಿಕ ಬೇಕಾದ ಪದ, ಇಷ್ಟನ್ನು ವಿಳಾಸಪಟ್ಟಿಯಲ್ಲಿ ಬರೆದರೆ ನಿಗದಿತ ತಾಣದಲ್ಲಿ ಹುಡುಕಾಟ ನಡೆಯುತ್ತದೆ. ಅಲ್ಲಿ ಹೊಸ ಸಂಕ್ಷೇಪವೊಂದನ್ನು ಸೇರಿಸಿ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಜೋಡಿಸಬಹುದು, ಇನ್ನೊಂದನ್ನು ತಮಿಳು ವಿಕಿಪೀಡಿಯಕ್ಕೆ. ‘ನೊಳಂಬ’ ಎಂಬ ಪದವನ್ನು ಎರಡರಲ್ಲಿಯೂ ಹುಡುಕಿ, ಎರಡು ಭಾಷೆಗಳ ಲೇಖನಗಳು ಏನನ್ನು ಹೇಳುತ್ತವೆ, ಏನನ್ನು ಬಿಡುತ್ತವೆ ಎಂದು ಪಟ್ಟಿ ಮಾಡುವುದು ಎಂಟನೆಯ ತರಗತಿಗೆ ಒಳ್ಳೆಯ ಚಟುವಟಿಕೆ. ಇದರೊಡನೆ ಗಣಕದ ಭಾಷಾ ಆಯ್ಕೆಯಲ್ಲಿ ಕನ್ನಡವನ್ನು ಮೊದಲನೆಯದಾಗಿ, ತಮಿಳನ್ನು ಎರಡನೆಯದಾಗಿ, ಇಂಗ್ಲಿಷನ್ನು ಮೂರನೆಯದಾಗಿ ನಮೂದಿಸಿದರೆ, ಹಲವು ಭಾಷೆಗಳಲ್ಲಿರುವ ತಾಣಗಳಿಗೆ ಈ ಕ್ರಮವನ್ನು ಜಾಲವೀಕ್ಷಕವೇ ತಿಳಿಸುತ್ತದೆ.

ಎಚ್ಚರದ ಮಾತುಗಳು

ಮನೆಯ ಬಾಗಿಲೂ ಬೀದಿಯ ಬಾಗಿಲೂ ಒಂದೇ ಆದಾಗ ಎಚ್ಚರ ಹೆಚ್ಚಿರಬೇಕು. ಕಡತಗಳನ್ನು ಅಳಿಸಬಲ್ಲ ಕಿಟಕಿಯೇ ಅಪರಿಚಿತರ ಪುಟವನ್ನೂ ತೆರೆಯುತ್ತದೆ. ಹಾಗಾಗಿ ಮೂರು ನಿಯಮಗಳನ್ನು ಪಾಲಿಸುವುದು ಕ್ಷೇಮ.

ಒಂದು, ಶಿಕ್ಷಕರ ಖಾತೆ ಬೇರೆ, ವಿದ್ಯಾರ್ಥಿಗಳ ಖಾತೆ ಬೇರೆ ಇರಬೇಕು. ಮೂಲ ಪಾಠಗಳು ಶಿಕ್ಷಕರ ಖಾತೆಯಲ್ಲಿದ್ದು, ವಿದ್ಯಾರ್ಥಿಗಳಿಗೆ ಓದಲು ಮಾತ್ರ ಅನುಮತಿ ಇರಲಿ. ‘ಡಿಲೀಟ್’ ಕೀಲಿ ಒತ್ತಿದ ಕಡತ ಕಸದಬುಟ್ಟಿಗೆ ಹೋಗುತ್ತದೆ, ಅಲ್ಲಿಂದ ಮರಳಿ ಪಡೆಯಬಹುದು. ‘ಶಿಫ್ಟ್’ ಜೊತೆಗೆ ಒತ್ತಿದರೆ ಶಾಶ್ವತವಾಗಿ ಅಳಿಯುತ್ತದೆ. ಈ ವ್ಯತ್ಯಾಸವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದರೂ ತಪ್ಪಿಲ್ಲ. ಕೆಡಿಇ ವ್ಯವಸ್ಥೆಯಲ್ಲಿ ಬಹುಕಾಲ ಒಂದೇ ಕ್ಲಿಕ್ಕಿಗೆ ಕಡತ ತೆರೆಯುವ ರೂಢಿ ಇತ್ತು. ಎರಡು ಸಲ ಒತ್ತಿ ಅಭ್ಯಾಸವಾದ ಮಕ್ಕಳು ಒಂದೇ ಕಡತವನ್ನು ಎರಡು ಸಲ ತೆರೆಯುತ್ತಾರೆ. ಅಂತಹ ಗಣಕಗಳಲ್ಲಿ ಆಯ್ಕೆಯನ್ನು ಬದಲಿಸಿಡಬೇಕು.

ಎರಡು, ಗುಪ್ತಪದಗಳನ್ನು ಶಾಲೆಯ ಗಣಕದಲ್ಲಿ ಉಳಿಸಬಾರದು. ‘ಕುಕೀಸ್’ ಪುಟದಲ್ಲಿ, ಕಿಟಕಿ ಮುಚ್ಚುವವರೆಗೆ ಮಾತ್ರ ಕುಕಿಗಳನ್ನು ಇರಿಸಿಕೊಳ್ಳುವ ಆಯ್ಕೆಯನ್ನು ಮಾಡುವುದು ಒಳ್ಳೆಯದು.

ಮೂರು, ಹಣದ ವ್ಯವಹಾರಕ್ಕೂ ಸರಕಾರಿ ಲೆಕ್ಕಪತ್ರಗಳ ತಾಣಗಳಿಗೂ ಆಗಿಂದಾಗ್ಗೆ ನವೀಕರಣಗೊಳ್ಳುವ ಫೈರ್‌ಫಾಕ್ಸ್‌ನಂತಹ ಜಾಲವೀಕ್ಷಕವನ್ನೇ ಬಳಸತಕ್ಕದ್ದು. ಹಳೆಯ ಕಾಂಕರರ್‌ನಲ್ಲಿ ಇಂದಿನ ಕೆಲವು ತಾಣಗಳು ಸರಿಯಾಗಿ ತೆರೆಯುವುದಿಲ್ಲ. ಪಾಠದ ಕೋಣೆಗೆ ಅದು ಸಾಕು; ಎಲ್ಲ ಕೆಲಸಕ್ಕೂ ಅದೇ ಬೇಕೆಂಬ ಹಟ ಬೇಡ. ಕಾಂಕರರ್ ದೊರೆಯದ ಶಾಲೆಯವರು ನಿರಾಶರಾಗಬೇಕಿಲ್ಲ. ಡಾಲ್ಫಿನ್ ಮತ್ತು ಫೈರ್‌ಫಾಕ್ಸ್ ಎರಡನ್ನೂ ಅಕ್ಕಪಕ್ಕದಲ್ಲಿ ತೆರೆದು, ಫೈರ್‌ಫಾಕ್ಸ್‌ನ ಮೊದಲ ಪುಟಕ್ಕೆ ಶಾಲೆಯ ಸೂಚಿಪುಟವನ್ನು ಕೊಟ್ಟರೂ ಇಲ್ಲಿ ಹೇಳಿದ ಬಹುಪಾಲು ಕೆಲಸ ನೆರವೇರುತ್ತದೆ.

ಮುಂದಿನವರಿಗೆ ಒಪ್ಪಿಸುವುದು

ಮಾಡಿದ ಆಯ್ಕೆಗಳೆಲ್ಲ ಬಳಕೆದಾರರ ಖಾತೆಯಲ್ಲಿ, ಸಾಮಾನ್ಯವಾಗಿ ಕಣ್ಣಿಗೆ ಕಾಣದಂತೆ ಅಡಗಿರುವ ಒಂದು ಕೋಶದಲ್ಲಿ ಚಿಕ್ಕ ಕಡತಗಳಾಗಿ ಉಳಿಯುತ್ತವೆ. ಅಡಗಿದ ಕಡತಗಳನ್ನು ತೋರಿಸುವ ಆಯ್ಕೆ ‘ವ್ಯೂ’ ಪಟ್ಟಿಯಲ್ಲಿದೆ. ಒಂದು ಗಣಕವನ್ನು ಸರಿಯಾಗಿ ಅಣಿಗೊಳಿಸಿ ಆ ಕೋಶದ ಪ್ರತಿಯನ್ನು ತೆಗೆದಿಟ್ಟರೆ, ಅದೇ ಆವೃತ್ತಿಯಿರುವ ಉಳಿದ ಗಣಕಗಳಿಗೂ ಅದನ್ನು ಇಳಿಸಬಹುದು. ಗಣಕ ಕೆಟ್ಟು ಹೊಸದಾಗಿ ಜೋಡಿಸಿದಾಗಲೂ ಕೆಲಸ ಮೊದಲಿನಿಂದ ಆರಂಭವಾಗಬೇಕಿಲ್ಲ.

ಇದಕ್ಕಿಂತ ಮುಖ್ಯವಾದುದು ಒಂದು ಹಾಳೆಯ ಬರೆಹ. ಯಾವ ಅಕ್ಷರಶೈಲಿ ಬಳಸಿದೆ, ಯಾವ ಕೀಲಿಮಣೆ ವಿನ್ಯಾಸ, ಪಾಠಗಳ ಕೋಶ ಎಲ್ಲಿದೆ, ಯಾವ ಹಳೆಯ ಕಡತಗಳು ಇನ್ನೂ ಯೂನಿಕೋಡಿಗೆ ಬಂದಿಲ್ಲ, ಪ್ರತಿಯನ್ನು ಯಾವ ಪೆನ್‌ಡ್ರೈವಿನಲ್ಲಿ ಇಟ್ಟಿದೆ ಎಂಬ ಐದು ಸಂಗತಿಗಳನ್ನು ಕನ್ನಡದಲ್ಲಿ ಬರೆದು ಶಾಲೆಯ ದಾಖಲೆಗಳೊಡನೆ ಇಡಬೇಕು. ವರ್ಗಾವಣೆಯ ದಿನ ಬೀರುವಿನ ಕೀಲಿಯನ್ನು ಒಪ್ಪಿಸುವಂತೆ ಈ ಹಾಳೆಯನ್ನೂ ಒಪ್ಪಿಸುವ ಪದ್ಧತಿ ಬರಬೇಕು. ಹಳೆಯ ಕಡತಗಳ ಪರಿವರ್ತನೆಯನ್ನು ಒಂದೇ ದಿನ ಮುಗಿಸಲಾಗದು. ವಾರಕ್ಕೆ ಎರಡು ಕಡತಗಳಂತೆ ಮಾಡುತ್ತ ಹೋದರೂ ಒಂದು ಶಾಲಾವರ್ಷದಲ್ಲಿ ಗಣನೀಯ ಭಾಗ ಕೈಸೇರುತ್ತದೆ. ಮೇಲಿನ ತರಗತಿಯ ಮಕ್ಕಳು ಮೂಲದೊಡನೆ ಹೋಲಿಸಿ ತಿದ್ದುವ ಕೆಲಸದಲ್ಲಿ ನೆರವಾಗಬಲ್ಲರು. ಅದು ಅವರಿಗೆ ಕಾಗುಣಿತದ ಪಾಠವೂ ಆಗುತ್ತದೆ.

ಧರ್ಮಪುರಿ, ಸೇಲಂ ಜಿಲ್ಲೆಗಳಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಕುಟುಂಬಗಳಿವೆ. ಅಜ್ಜಿಯರ ಬಾಯಲ್ಲಿರುವ ಹಾಡು, ಒಗಟು, ಬೆಳೆಯ ಹೆಸರು, ನಂಟಿನ ಹೆಸರುಗಳನ್ನು ಮಕ್ಕಳು ಕೇಳಿ ಬರೆದು ತಂದರೆ ಶಾಲೆಯ ಕೋಶಕ್ಕೆ ಬೇರೆಲ್ಲಿಯೂ ಸಿಗದ ಸಂಪತ್ತು ಸೇರುತ್ತದೆ. ಆ ಕಡತಗಳು ಶುದ್ಧ ಯೂನಿಕೋಡಿನಲ್ಲಿದ್ದು, ಹೆಸರು ಸ್ಪಷ್ಟವಾಗಿದ್ದು, ಪ್ರತಿ ಇನ್ನೊಂದು ಶಾಲೆಯಲ್ಲಿಯೂ ಇದ್ದರೆ ಮುಂದೆ ಬರುವ ಶಿಕ್ಷಕರು ಅವನ್ನು ತೆರೆದು ಓದಬಲ್ಲರು. ತಗಡೂರಿನ ಕಲ್ಲಿನಲ್ಲಿ ಅಕ್ಷರ ಕಡೆದವನು ಮುಂದಿನವರು ಓದುವರೆಂದು ನಂಬಿ ಆಳವಾಗಿ ಕಡೆದನು. ಶಾಲೆಯ ಗಣಕದಲ್ಲಿ ಬರೆಯುವ ಶಿಕ್ಷಕರೂ ಅದೇ ನಂಬಿಕೆಯಿಂದ ಬರೆಯಬೇಕು. ನಾಳೆಯೇ ‘ಸೂರ್ಯ, ರಾಷ್ಟ್ರ, ಜ್ಞಾನ, ಅರ್ಘ್ಯ’ ಎಂದು ನಾಲ್ಕು ಪದಗಳನ್ನು ಬರೆದು ನೋಡುವುದರಿಂದ ಆ ಕೆಲಸವನ್ನು ಆರಂಭಿಸಬಹುದು.